ಮಧ್ಯಮವಿಲ್ಲದ ಸಂತೂರ್

ಸಂತೂರ್ ರಿಪೇರಿ ಮಾಡುತ್ತೀರಾ ಎಂದು ಕೇಳಿದ ಕೂಡಲೇ ನಾನು ಮಾಡುತ್ತೇನೆ ಅಂದುಬಿಟ್ಟೆ. ಅಲ್ಲಿಯವರೆಗೆ ಆ ವಾದ್ಯವನ್ನು ಕೈಯಿಂದ ಮುಟ್ಟಿರಲಿಲ್ಲ. ಮೊಬೈಲಿನಲ್ಲಿ ಒಂದೆರಡು ಸಲ ನೋಡಿದ್ದೆ, ಅಷ್ಟೆ. ಸಿಂದಗಿಯ ನಮ್ಮ ಅಂಗಡಿಯಲ್ಲಿ ಅಜ್ಜನ ಕಾಲದಿಂದ ರಿಪೇರಿ ಆಗುತ್ತಿರುವುದು ಪೇಟಿ, ಅಂದರೆ ಹಾರ್ಮೋನಿಯಂ. ಯಂಕಂಚಿ, ಕನ್ನೊಳ್ಳಿಯ ಭಜನಾ ಮೇಳದವರು ವರ್ಷಕ್ಕೊಮ್ಮೆ ತಮ್ಮ ಪೇಟಿ ತಂದು ಹಾಕುತ್ತಾರೆ, ನಾನು ಒಳಗಿನ ಹಿತ್ತಾಳೆಯ ರೀಡು ಕೆರೆದು ಸ್ವರ ಕೂಡಿಸಿ ಕೊಡುತ್ತೇನೆ. ನಡುನಡುವೆ ಏಕತಾರಿಯೋ ತಂಬೂರಿಯೋ ಬಂದರೆ ಅದನ್ನೂ ನೋಡುತ್ತೇನೆ. ಗಿರಾಕಿಯ ಮುಂದೆ ‘ಇದು ನನಗೆ ಬರುವುದಿಲ್ಲ’ ಅನ್ನುವ ಮಾತು ನಮ್ಮ ಮನೆತನದಲ್ಲೇ ಇಲ್ಲ. ಆ ಜಂಬಕ್ಕೆ ಒಂದು ವಾರ ಪೂರ್ತಿ ದಂಡ ತೆತ್ತೆ. ಈಗ ಅದನ್ನು ನಗುತ್ತಾ ಬರೆಯುವ ಹಾಗಾಗಿದೆಯಲ್ಲ, ಅದೇ ದೊಡ್ಡದು.

ಕೇಳಿದವರು ಇಂಗಳೇಶ್ವರದ ಹೈಸ್ಕೂಲಿನಲ್ಲಿ ಸಂಗೀತ ಕಲಿಸುವ ಶಿಕ್ಷಕಿ. ಮನೆ ಬಸವನ ಬಾಗೇವಾಡಿಯಲ್ಲಿ. ಮೂವತ್ತರ ಆಸುಪಾಸಿನ ವಯಸ್ಸು, ಮಾತು ಕಡಿಮೆ, ಕಣ್ಣು ಚುರುಕು. ಸೋಮವಾರ ಮುಂಜಾನೆ ಬಾಗೇವಾಡಿಯಿಂದ ಸಿಂದಗಿಯವರೆಗೆ, ಕೌದಿ ಸುತ್ತಿದ ವಾದ್ಯವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಕೆಳಗಿಡಲು ಮನಸ್ಸಾಗಲಿಲ್ಲವಂತೆ.

ಕೌದಿ ಬಿಚ್ಚಿದೆ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, ಅಕ್ರೋಟ್ ಮರದ ಚಪ್ಪಟೆ ಪೆಟ್ಟಿಗೆ. ಅದರ ಮೇಲೆ ಎರಡು ಸಾಲಾಗಿ ಇಪ್ಪತ್ತೊಂಬತ್ತು ಕುದುರೆಗಳು. ಕುದುರೆ ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು. ಒಂದೊಂದು ಕುದುರೆಯ ಮೇಲೆ ಮೂರು ತಂತಿ, ಮೂರೂ ಒಂದೇ ಸ್ವರಕ್ಕೆ. ಒಟ್ಟು ಎಂಬತ್ತೇಳು ತಂತಿ. ಬಲ ಬದಿಯಲ್ಲಿ ದಪ್ಪ ಮರದ ಪಟ್ಟಿ, ಅದರಲ್ಲಿ ತಿರುಗಿಸಿ ಸ್ವರ ಏರಿಸಿ ಇಳಿಸುವ ಕಬ್ಬಿಣದ ಬಿರಡೆಗಳು. ಬಾರಿಸಲು ಬೆರಳ ಸಂದಿಯಲ್ಲಿ ಹಿಡಿಯುವ ಎರಡು ಹಗುರವಾದ ಮರದ ಕಡ್ಡಿ. ಅವಕ್ಕೆ ಕಲಮ್ ಅನ್ನುತ್ತಾರೆ ಎಂದು ಅವರೇ ಹೇಳಿದರು. ನಾನು ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ.

ತೊಂದರೆ ಇಷ್ಟೇ. ಬೇಸಿಗೆಗೆ ಮರ ಒಣಗಿ ಬಿರಡೆಗಳು ಸಡಿಲಾಗಿದ್ದವು. ಮುಂಜಾನೆ ಕೂಡಿಸಿದ ಸ್ವರ ಮಧ್ಯಾಹ್ನಕ್ಕೆ ಇಳಿದಿರುತ್ತಿತ್ತು. ಬಿರಡೆ ಬಿಗಿ ಮಾಡಿ, ತುಕ್ಕು ಹಿಡಿದ ತಂತಿ ಬದಲಿಸಿ, ಶುಕ್ರವಾರದ ಹೊತ್ತಿಗೆ ಕೊಡಬೇಕು. ರವಿವಾರ ಮುಂಜಾನೆ ಇಂಡಿಯಲ್ಲಿ ಅವರ ಕಾರ್ಯಕ್ರಮ.

ಅದು ಬರೀ ಕಾರ್ಯಕ್ರಮ ಅಲ್ಲ ಎಂದು ಚಹಾ ಕುಡಿಯುತ್ತಾ ತಿಳಿಯಿತು. ಈ ಶಿಕ್ಷಕಿ ಹತ್ತು ವರ್ಷದಿಂದ ಮುದ್ದೇಬಿಹಾಳದ ಒಬ್ಬ ಹಿರಿಯ ಗವಾಯಿಗಳ ಹತ್ತಿರ ಹಾಡುಗಾರಿಕೆ ಕಲಿಯುತ್ತಿದ್ದರು. ನಡುವೆ ಪುಣೆಯಲ್ಲಿ ಓದುವಾಗ ಸಂತೂರಿನ ಹುಚ್ಚು ಹಿಡಿದು, ಅಲ್ಲೊಬ್ಬ ವಾದಕರ ಹತ್ತಿರ ಎರಡು ವರ್ಷ ಕೈ ಪಳಗಿಸಿಕೊಂಡು ಬಂದಿದ್ದರು. ಅವರಿಗೆ ಬೇಕಾದದ್ದು ಒಂದೇ: ಗವಾಯಿಗಳ ರಾಗಗಳನ್ನು ಈ ವಾದ್ಯದ ಮೇಲೆ ಕಲಿಯುವುದು. ಗವಾಯಿಗಳು ಸುತರಾಂ ಒಪ್ಪಿರಲಿಲ್ಲ. ಕಾಶ್ಮೀರದ ಕಡೆ ಸೂಫಿ ಹಾಡುಗಾರರ ಹಿಂದೆ ಬಾರಿಸುವ ವಾದ್ಯ ಅದು, ಅಲ್ಲಿಗೆ ಅದು ಚೆಂದ, ರಾಗ ಹಾಡುವವರ ಜಾಗದಲ್ಲಿ ಅದನ್ನು ತಂದು ಕೂರಿಸಬೇಡ ಅನ್ನುವುದು ಅವರ ವಾದ. ಶಿಕ್ಷಕಿ ಅವರ ಮಾತನ್ನು ಅವರ ಧಾಟಿಯಲ್ಲೇ ಹೇಳಿದರು: “ಹೊಡದ ಸ್ವರ ಅಲ್ಲೇ ಸಾಯ್ತೈತಿ. ಒಂದು ಸ್ವರದಿಂದ ಇನ್ನೊಂದಕ್ಕ ಜಾರಾಕ ಬರೂದಿಲ್ಲಂದ್ರ ರಾಗ ಎಲ್ಲಿಂದ ಬರಬೇಕು?”

ಕಡೆಗೆ ಗವಾಯಿಗಳು ಒಂದು ಕರಾರು ಹಾಕಿದ್ದರು. ಇಂಡಿಯಲ್ಲಿ ತಮ್ಮ ಗುರುಗಳ ನೆನಪಿಗೆ ಪ್ರತಿವರ್ಷ ನಡೆಯುವ ಸಂಗೀತ ಸಭೆಯಲ್ಲಿ ನಲವತ್ತು ನಿಮಿಷ ಕೊಡುತ್ತೇನೆ, ತೋಡಿ ರಾಗ ಬಾರಿಸು. ನನಗೆ ರಾಗ ಕೇಳಿಸಿದರೆ ಈ ವಾದ್ಯದ ಮೇಲೆ ಪಾಠ ಹೇಳುತ್ತೇನೆ. ಕೇಳಿಸದಿದ್ದರೆ ಅದನ್ನು ಮುಚ್ಚಿಟ್ಟು ಹಾಡು. ಶಿಕ್ಷಕಿ ಒಪ್ಪಿ ಮಾತು ಕೊಟ್ಟು ಬಂದಿದ್ದರು. ಇಷ್ಟು ಕೇಳಿದ ಮೇಲಾದರೂ ನಾನು ಬಾಯಿಬಿಟ್ಟು, ಅಕ್ಕೋರೆ, ಇದು ನನಗೆ ಹೊಸದು ಅನ್ನಬೇಕಿತ್ತು. ಅನ್ನಲಿಲ್ಲ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತೇವೆ. ಅವರು ನನ್ನನ್ನು ಮೊದಲ ದಿನದಿಂದಲೇ ಚಾಚಾ ಅಂದರು.

ಸೋಮವಾರ ಪೂರ್ತಿ ತಂತಿ ಬದಲಿಸುವುದರಲ್ಲೇ ಹೋಯಿತು. ಮಂಗಳವಾರ ಬಿರಡೆಗೆ ಕೈ ಹಾಕಿದೆ. ತಂಬೂರಿಯ ಬಿರಡೆ ಜಾರಿದರೆ ನಾವು ಮಾಡುವುದು ಎರಡೇ ಕೆಲಸ. ಮೊದಲು ಖಡು, ಅಂದರೆ ಶಾಲೆಯ ಸೀಮೆಸುಣ್ಣ, ಅದರ ಪುಡಿ ಹಚ್ಚುವುದು. ಅದಕ್ಕೂ ಕೇಳದಿದ್ದರೆ ಸಣ್ಣ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಒಳಗೆ ಕೂರಿಸುವುದು. ನನ್ನ ತಂದೆ, ಅಬ್ಬಾ, ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡುತ್ತಾ ಬಂದವನು. ಇಲ್ಲಿ ಖಡುವಿನ ಪುಡಿಗೆ ಬಹುತೇಕ ಬಿರಡೆಗಳು ನಿಂತವು. ಆರು ಮಾತ್ರ ಜಾರುತ್ತಲೇ ಇದ್ದವು. ಸುತ್ತಿಗೆ ತಗೊಂಡೆ.

ತಂಬೂರಿಯ ಬಿರಡೆ ಮರದ್ದು. ಮರಕ್ಕೆ ಮರ ತಾಗಿದರೆ ಎರಡೂ ಒಂದಿಷ್ಟು ತಗ್ಗುತ್ತವೆ. ಇದು ಕಬ್ಬಿಣ. ಕಬ್ಬಿಣ ತಗ್ಗುವುದಿಲ್ಲ, ಒಣಗಿದ ಮರವೇ ದಾರಿ ಬಿಡಬೇಕು. ಈ ಮಾತು ಈಗ ಎಷ್ಟು ಸಲೀಸಾಗಿ ಬರೆಯುತ್ತಿದ್ದೇನೆ ನೋಡಿ. ಆಗ ಹೊಳೆಯಲಿಲ್ಲ. ಮೊದಲ ಐದು ಬಿರಡೆ ಗಟ್ಟಿಯಾಗಿ ಕೂತಾಗ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಆರನೆಯದಕ್ಕೆ ಎರಡನೇ ಪೆಟ್ಟು ಬಿದ್ದಾಗ ಟಕ್ ಎಂದು ಸಣ್ಣ ಸದ್ದಾಯಿತು. ಅಷ್ಟೇ ಸದ್ದು. ಪಟ್ಟಿಯ ಮೇಲೆ ನಾಲ್ಕು ಬೆರಳಿನ ಉದ್ದಕ್ಕೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ನೋಡನೋಡುತ್ತಾ ಅಲ್ಲಿನ ಬಿರಡೆಗಳು ತಾವಾಗಿಯೇ ತಿರುಗಿ ಆರು ತಂತಿ ಸಡಿಲಾಗಿ ಮಲಗಿದವು.

ನಾನು ಸುತ್ತಿಗೆ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ಗಿರಾಕಿಯ ವಾದ್ಯವನ್ನು ನಾನು ಕೆಡಿಸಿದ್ದು ಅದೇ ಮೊದಲು. ಅದೂ ಇನ್ನೊಬ್ಬರ ಬದುಕಿನ ಮಾತು ಅದರ ಮೇಲೆ ನಿಂತಿರುವಾಗ.

ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಶಿಕ್ಷಕಿಯ ಫೋನ್ ಬಂತು. ಕೆಲಸ ಹೇಗೆ ನಡೆದಿದೆ ಎಂದು ಕೇಳಿದರು. ಬಿಸಿಲಿಗೆ ಬಿರಡೆಯ ಪಟ್ಟಿ ಸೀಳಿದೆ, ಅಂಟು ಹಾಕಿ ಕೂಡಿಸುತ್ತೇನೆ, ಹೆದರಬೇಡಿ ಅಂದೆ. ‘ಬಿಸಿಲಿಗೆ’ ಅನ್ನುವ ಮಾತು ನಾಲಿಗೆಯ ಮೇಲೆ ಎಲ್ಲಿಂದ ಬಂತೋ, ಬಂದುಬಿಟ್ಟಿತು. ಆಮೇಲೆ ಅವರು ಮೆಲ್ಲಗೆ, “ನಿನ್ನೆ ಬಸ್ಸಿನ್ಯಾಗ ಕಿಡಕಿ ಕಡೆ ಕುಂತಿದ್ನಿರಿ ಚಾಚಾ. ದಾರಿ ಪೂರಾ ಅದರ ಮ್ಯಾಲ ಬಿಸಿಲು ಬಿದ್ದಿತ್ತು. ನಾ ಲಕ್ಷ್ಯ ಕೊಡಬೇಕಿತ್ತು” ಅಂದರು.

ತಪ್ಪು ನನ್ನದು, ಅದನ್ನು ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಅಲ್ಲ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಬಾರಿಸಿತು, ಅವರು ಫೋನ್ ಇಟ್ಟರು. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ. ಮೂರು ದಿನ ಆ ಸುಳ್ಳನ್ನು ಇಟ್ಟುಕೊಂಡೇ ಕೆಲಸ ಮಾಡಿದೆ, ಅನ್ನ ರುಚಿಸಲಿಲ್ಲ. ಹೆಂಡತಿ ಎರಡು ಸಲ ಕೇಳಿ ಸುಮ್ಮನಾದಳು.

ಬುಧವಾರದ ಕೆಲಸ ತಂತಿ ಇಳಿಸುವುದು. ಸೀಳಿಗೆ ಅಂಟು ಹಾಕಬೇಕಾದರೆ ಅದರ ಮೇಲಿನ ಎಳೆತ ತೆಗೆಯಬೇಕು. ಆದರೆ ಒಂದೇ ಕಡೆ ಸಡಿಲ ಮಾಡಿದರೆ ಇನ್ನೊಂದು ಕಡೆಯ ಎಳೆತಕ್ಕೆ ಪೆಟ್ಟಿಗೆಯೇ ಸೊಟ್ಟಗಾಗುತ್ತದೆ. ಹಾಗಾಗಿ ಮೇಲಿನ ಕುದುರೆಯ ಮೂರು ತಂತಿಗೆ ಕಾಲು ಸುತ್ತು, ಕೆಳಗಿನ ಕುದುರೆಯ ಮೂರಕ್ಕೆ ಕಾಲು ಸುತ್ತು, ಮತ್ತೆ ನಡುವೆ, ಹೀಗೆ ಸುತ್ತಿ ಸುತ್ತಿ ಎಂಬತ್ತೊಂದು ಬಿರಡೆಗಳನ್ನು ಇಳಿಸಿದೆ. ಅವಸರ ಮಾಡುವ ನನ್ನ ಸ್ವಭಾವಕ್ಕೆ ಅದೇ ಶಿಕ್ಷೆ. ಆಮೇಲೆ ಸರೇಸು, ಅಂದರೆ ಮರಗೆಲಸದ ಅಂಟು, ಕಾಯಿಸಿ ತೆಳ್ಳಗೆ ಮಾಡಿಕೊಂಡು, ರೀಡು ಕೆರೆಯುವ ತೆಳು ಪತ್ತಿಯಿಂದ ಸೀಳಿನೊಳಗೆ ಇಳಿಸಿದೆ. ಎರಡು ಕ್ಲಾಂಪು ಹಾಕಿ ಬಿಗಿದು, ಒದ್ದೆ ಅರಿವೆಯಿಂದ ಮೇಲಿನದನ್ನು ಒರೆಸಿದೆ. ಗುರುವಾರ ಇಡೀ ದಿನ ಮುಟ್ಟಲಿಲ್ಲ. ಸಂಜೆ ಕ್ಲಾಂಪು ಬಿಚ್ಚಿ, ಸೀಳಿನ ಅಡ್ಡಕ್ಕೆ ಹಿತ್ತಾಳೆಯ ಎರಡು ಪಟ್ಟಿ ಕೂರಿಸಿ ಸಣ್ಣ ಸ್ಕ್ರೂ ಹಾಕಿದೆ. ನೋಡಲು ಚೆಂದವೇ ಕಾಣುತ್ತಿತ್ತು. ಬೇಕೆಂದೇ ಮಾಡಿಸಿದ ಅಲಂಕಾರ ಅನ್ನಬಹುದಿತ್ತು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಸ್ವರ ಕೂಡಿಸಲು ಕೂತೆ. ಅವರ ಷಡ್ಜ ಪೇಟಿಯ ಮೊದಲ ಕರಿಮನೆ, ಅಂದರೆ ಮೊದಲ ಕಪ್ಪು ಕೀ. ಪಕ್ಕದಲ್ಲಿ ನನ್ನ ಹಳೆಯ ಪೇಟಿ ಇಟ್ಟುಕೊಂಡು ಒಂದೊಂದೇ ಸ್ವರ ಹಿಡಿದು ಏರಿಸಿದೆ. ಎಂಬತ್ತೇಳು ತಂತಿಯಲ್ಲಿ ಕೊನೆಯದನ್ನು ಕೂಡಿಸುವ ಹೊತ್ತಿಗೆ ಮೊದಲಿನವು ಇಳಿದಿದ್ದವು. ಎಳೆತ ಹೆಚ್ಚಾದ ಹಾಗೆ ಮೇಲಿನ ಹಲಗೆ ತಗ್ಗುತ್ತದೆ. ಮತ್ತೆ ಮೊದಲಿನಿಂದ ಸುರು. ನಾಲ್ಕನೇ ಸುತ್ತಿನಲ್ಲಿ ಎಲ್ಲ ನಿಂತವು. ಸೀಳಿನ ಜಾಗದ ಆರು ಬಿರಡೆಗಳಿಗೆ ಮಾತ್ರ ಹಗುರವಾಗಿ ಎಳೆತ ಕೊಟ್ಟು ಬಿಟ್ಟಿದ್ದೆ. ಕಲಮಿನಿಂದ ಮೇಲಿಂದ ಕೆಳಗೆ ಒಂದು ಸಲ ಸವರಿದೆ. ನನ್ನ ಕಿವಿಗೆ ಬಲು ಸೊಗಸಾಗಿ ಕೇಳಿಸಿತು.

ಹನ್ನೊಂದಕ್ಕೆ ಶಿಕ್ಷಕಿ ಬಂದರು, ಅರ್ಧ ದಿನ ರಜೆ ಹಾಕಿ. ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾಲ್ಕು ಸ್ವರ ಬಾರಿಸಿದರು, ನಿಲ್ಲಿಸಿದರು, ಮತ್ತೆ ನಾಲ್ಕು ಬಾರಿಸಿದರು. ಮುಖ ಇಳಿಯಿತು. ಎಲ್ಲ ಸ್ವರಗಳೂ ಯಾಕೆ ನಡುಗುತ್ತಿವೆ ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಮುಂಜಾನೆಯಿಂದ ಬೆನ್ನು ಬಗ್ಗಿಸಿ ಮಾಡಿದ್ದೇನೆ, ಇವರು ಹೀಗನ್ನುತ್ತಾರಲ್ಲ ಎಂದು. ನಡುಕ ನಾನು ಬೇಕೆಂದೇ ಇಟ್ಟದ್ದು. ಪೇಟಿಯಲ್ಲಿ ಒಂದು ಸ್ವರಕ್ಕೆ ಎರಡು ರೀಡು ಇರುತ್ತವೆ. ಎರಡನ್ನೂ ತದ್ರೂಪ ಕೂಡಿಸಿದರೆ ಭಜನೆಯ ಗದ್ದಲದಲ್ಲಿ, ತಾಳ ಡಪ್ಪಿನ ನಡುವೆ, ದನಿ ಮುಳುಗಿಹೋಗುತ್ತದೆ. ಅದಕ್ಕೆ ಎರಡನೆಯದನ್ನು ಚೂರು ಮೇಲೆ ಇಡುತ್ತೇವೆ. ಆಗ ದನಿಯಲ್ಲಿ ಅಲೆ ಏಳುತ್ತದೆ, ಗದ್ದಲ ಸೀಳಿಕೊಂಡು ಹೊರಗೆ ಬರುತ್ತದೆ. ನಮ್ಮ ಅಂಗಡಿಯ ಹೆಸರು ನಿಂತಿರುವುದೇ ಆ ಅಲೆಯ ಮೇಲೆ. ಇಲ್ಲಿ ಒಂದು ಕುದುರೆಗೆ ಮೂರು ತಂತಿ ಕಂಡ ಕೂಡಲೇ ನನ್ನ ಕೈ ತಾನಾಗಿ ಅದೇ ಲೆಕ್ಕ ಹಾಕಿತ್ತು: ನಡುವಿನದು ಸರಿ, ಆಚೆಯದು ಚೂರು ಮೇಲೆ, ಈಚೆಯದು ಚೂರು ಕೆಳಗೆ. ನಮ್ಮ ಭಾಗದ ಮಂದಿಗೆ ಹೀಗೇ ಬೇಕು, ಇಷ್ಟು ವರ್ಷದಿಂದ ಕೂಡಿಸುತ್ತಾ ಬಂದವನಿಗೆ ನೀವು ಹೇಳಿಕೊಡಬೇಡಿ ಎಂದು ದನಿ ಏರಿಸಿಯೇ ಹೇಳಿದೆ.

ಅವರು ವಾದಿಸಲಿಲ್ಲ. ಮೊಬೈಲಿನಲ್ಲಿ ತಾನಪುರಾದ ದನಿ ಹಚ್ಚಿದರು. ಒಂದು ಕುದುರೆಯ ಎರಡು ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿದು ಮೂರನೆಯದನ್ನು ಮಾತ್ರ ಮೆಲ್ಲಗೆ ಹೊಡೆದರು. ಸ್ವರ ತಾನಪುರಾದೊಳಗೆ ಇಳಿದು ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಆಮೇಲೆ ಬೆರಳು ತೆಗೆದು ಮೂರನ್ನೂ ಹೊಡೆದರು. ಸ್ವರ ಏಳುತ್ತಲೇ ಕದಡಿಹೋಯಿತು. ಭಜನೆಯಲ್ಲಿ ನಲವತ್ತು ಮಂದಿಯ ನಡುವೆ ಚೆಂದ ಕಾಣುವ ಅಲೆ, ಒಂಟಿ ಸ್ವರ ನಿಧಾನಕ್ಕೆ ಸಾಯುವಾಗ ಅದನ್ನು ನೆಮ್ಮದಿಯಿಂದ ಸಾಯಲೂ ಬಿಡುವುದಿಲ್ಲ. ಹೊಡೆದ ಸ್ವರ ಅಲ್ಲೇ ಸಾಯುತ್ತದೆ ಅನ್ನುವ ಗವಾಯಿಗಳ ಮುಂದೆ ಇದನ್ನು ಇಟ್ಟಿದ್ದರೆ, ಆಲಾಪ ಸುರುವಾಗುವ ಮೊದಲೇ ತೀರ್ಪು ಬೀಳುತ್ತಿತ್ತು.

“ತಪ್ಪಾತ್ರಿ ಅಕ್ಕೋರ,” ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಶ್ಚರ್ಯ. “ಕುಂಡ್ರರಿ, ಎಲ್ಲಾ ಮತ್ತ ಕೂಡಸ್ತೇನಿ.”

ಈ ಸಲ ಪೇಟಿಯನ್ನು ಮೂಲೆಗೆ ಸರಿಸಿದೆ. ತಾನಪುರಾ ಒಂದೇ ಆಧಾರ. ಅವರು ಎರಡು ತಂತಿ ಒತ್ತಿ ಹಿಡಿಯುವುದು, ನಾನು ಬಿರಡೆ ತಿರುಗಿಸುವುದು. ತೋಡಿಯ ಕೋಮಲ ಗಾಂಧಾರ ಬಂದಾಗ ಇನ್ನೂ ಕೆಳಗೆ ಅಂದರು. ಇಳಿಸಿದೆ. ಇನ್ನೂ ಒಂದು ಕೂದಲು ಅಂದರು. ಪೇಟಿಯಲ್ಲಿ ಅಂಥ ಗಾಂಧಾರ ಇಲ್ಲ. ಅಲ್ಲಿ ಒಂದು ಮನೆಯ ಸ್ವರ ಎಲ್ಲ ರಾಗಕ್ಕೂ ದುಡಿಯಬೇಕು. ಇಲ್ಲಿ ಈ ಒಂದು ರಾಗಕ್ಕೆ ಮಾತ್ರ ಬೇಕಾದ ಜಾಗಕ್ಕೆ ಸ್ವರವನ್ನು ಒಯ್ದು ನಿಲ್ಲಿಸಬಹುದು. ಅದು ಬಂದು ನಿಂತ ಗಳಿಗೆ ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಸ್ವರ ಕೂಡಿಸಿದ್ದೇನೆ, ಆ ಗಾಂಧಾರದ ಮನೆ ಯಾವುದೆಂದು ಅವತ್ತೇ ಗೊತ್ತಾದದ್ದು.

ಹೀಗೆ ಮೇಲಿನಿಂದ ಬರುತ್ತಾ ಸೀಳಿನ ಜಾಗಕ್ಕೆ ಬಂದೆವು. ಅಲ್ಲಿನ ಆರು ಬಿರಡೆಗಳು ಅಕ್ಕಪಕ್ಕದ ಎರಡು ಕುದುರೆಗಳವು. ಬಲ ಸಾಲಿನ ಕುದುರೆಯ ಮೇಲೆ ಕೆಳಗಿನ ಸಪ್ತಕದ ಮಧ್ಯಮ, ಎಡ ಸಾಲಿನದರ ಮೇಲೆ ಮೇಲಿನ ಸಪ್ತಕದ ಮಧ್ಯಮ. ಎರಡನ್ನೂ ಪೂರ್ತಿ ಏರಿಸಿದೆ. ನಾವು ನೋಡುತ್ತಿರುವಾಗಲೇ ಜಾರಿದವು. ಮತ್ತೆ ಏರಿಸಿದೆ, ಮತ್ತೆ ಜಾರಿದವು. ಶಿಕ್ಷಕಿ ಪುಣೆಯ ತಮ್ಮ ಗುರುಗಳು ಸಡಿಲಾದ ಬಿರಡೆಗೆ ಮೆಲ್ಲಗೆ ಒಂದು ಪೆಟ್ಟು ಕೊಡುತ್ತಿದ್ದರು ಅಂದು, ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿಕೊಂಡರು. ಬಿಸಿಲಿಗೆ ಬಿಟ್ಟ ಸೀಳು, ಅಂಟು ಹಾಕಿ ಪಟ್ಟಿ ಬಿಗಿದಾಗಿದೆ, ಇನ್ನೇನು ಭಯ ಎಂದು ಅವರ ಲೆಕ್ಕ. ಆ ಲೆಕ್ಕ ಕೊಟ್ಟವನು ನಾನೇ.

ನಾನು ಸುತ್ತಿಗೆಯನ್ನು ಹಿಡಿದುಕೊಂಡೆ. “ಬ್ಯಾಡ್ರಿ. ಬಿಸಿಲಿಗೆ ಸೀಳಿಲ್ಲ ಅದು. ಇದ ಸುತ್ತಿಗಿಯಿಂದ ನಾನ ಬಡದು ಸೀಳೇನಿ. ಫೋನಿನ್ಯಾಗ ಸುಳ್ಳ ಹೇಳಿದ್ನಿ. ಇನ್ನೊಂದು ಪೆಟ್ಟು ಬಿದ್ರ ಪಟ್ಟಿ ಎರಡು ಹೋಳ ಆಗತೈತಿ.”

ಅವರು ಸುತ್ತಿಗೆ ಬಿಟ್ಟರು. ಆ ಹಿತ್ತಾಳೆ ಪಟ್ಟಿಯ ಮೇಲೆ ಬೆರಳು ಎಳೆದರು. ಬೈದಿದ್ದರೆ ಒಳ್ಳೆಯದಿತ್ತು, ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಆಮೇಲೆ ಅವರು ಹೇಳಿದ್ದು ಇಷ್ಟು: “ಆ ಕಿಡಕಿ ನೆನಸಿ ನೆನಸಿ ಮೂರು ದಿನ ನನಗ ನಿದ್ದಿ ಹತ್ತಿಲ್ಲರಿ ಚಾಚಾ.”

ಎದ್ದು ಹೋಗಿ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಇತ್ತು, ಆದರೆ ಎದೆಯ ಮೇಲಿನ ಕಲ್ಲು ಇಳಿದದ್ದೂ ನಿಜ. ಬಂದವರು ಕೆಲಸದ ಮಾತಿಗೇ ಬಂದರು. ಆರು ಬಿರಡೆ ಎಷ್ಟು ಎಳೆತ ತಡೆಯುತ್ತವೆ, ಖರೆ ಹೇಳಿ ಅಂದರು. ಸ್ವರ ಹಿಡಿಯುವಷ್ಟು ತಡೆಯುವುದಿಲ್ಲ, ಸುಮ್ಮನೆ ಇರುವಷ್ಟು ತಡೆಯುತ್ತವೆ ಅಂದೆ. ಮಧ್ಯಮವನ್ನು ಪಕ್ಕದ ಕುದುರೆಗೆ ಸರಿಸಿ, ಉಳಿದ ಸ್ವರಗಳನ್ನೂ ಒಂದೊಂದು ಕುದುರೆ ಸರಿಸಿದರೆ ಹೇಗೆ ಎಂದು ನಾನೇ ಕೇಳಿದೆ. ಅವರು ಕಣ್ಣು ಮುಚ್ಚಿ ಗಾಳಿಯಲ್ಲೇ ಕಲಮ್ ಆಡಿಸಿ ನೋಡಿದರು. ಯಾವ ಸ್ವರ ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತದೆ, ಎರಡು ದಿನದಲ್ಲಿ ಕೈಯ ನೆನಪು ಬದಲಾಗುವುದಿಲ್ಲ ಅಂದರು.

ನನಗಂತೂ ದಾರಿ ಕಾಣಲಿಲ್ಲ. ಅವರೇ ನಿಧಾನಕ್ಕೆ, ಮಧ್ಯಮವೇ ಇಲ್ಲದ ರಾಗ ಬಾರಿಸಿದರೆ ಅಂದರು. ಭೂಪಾಲ ತೋಡಿ ಅಂತೊಂದಿದೆ. ತೋಡಿಯದೇ ಮನೆಯದು: ಅದೇ ಕೋಮಲ ರಿಷಭ, ಅದೇ ಗಾಂಧಾರ, ಅದೇ ಧೈವತ. ಮಧ್ಯಮ ಮತ್ತು ನಿಷಾದ ಎರಡೂ ಇಲ್ಲ. ಐದೇ ಸ್ವರ. ಹಾಡಲು ಗವಾಯಿಗಳು ಕಲಿಸಿದ್ದಾರೆ, ಆದರೆ ಸಂತೂರಿನ ಮೇಲೆ ಒಂದು ದಿನವೂ ಬಾರಿಸಿಲ್ಲ. ತೋಡಿಯಾದರೆ ನಾಲ್ಕು ತಿಂಗಳ ತಯಾರಿ.

ತಯಾರಾದ ರಾಗವನ್ನು ನಂಬಲಾಗದ ಬಿರಡೆಯ ಮೇಲೆ ಬಾರಿಸುವುದೋ, ತಯಾರಿಲ್ಲದ ರಾಗವನ್ನು ನಂಬಬಹುದಾದ ಬಿರಡೆಯ ಮೇಲೆ ಬಾರಿಸುವುದೋ. ತೀರ್ಮಾನ ಅವರದು. ಹತ್ತು ನಿಮಿಷ ಕಲಮಿನಿಂದ ರಿಷಭ, ಗಾಂಧಾರ, ಪಂಚಮದ ಮೇಲೆ ಓಡಾಡಿದರು. ಆಮೇಲೆ “ಮಧ್ಯಮ ಮುಚ್ಚಿಬಿಡ್ರಿ” ಅಂದರು.

ಮುಚ್ಚುವ ಕೆಲಸ ನನಗೆ ಬರುತ್ತದೆ. ಆರು ತಂತಿಗಳಿಗೆ ಅಲುಗಾಡದಷ್ಟು ಎಳೆತ ಕೊಟ್ಟು, ಪೇಟಿಯ ಮನೆಗಳ ಕೆಳಗೆ ಹಾಕುವ ಕೆಂಪು ಬನಾತಿನ, ಅಂದರೆ ದಪ್ಪ ಉಣ್ಣೆ ಬಟ್ಟೆಯ, ಪಟ್ಟಿ ಕತ್ತರಿಸಿ ತಂತಿಗಳ ನಡುವೆ ಹೆಣೆದೆ. ಈಗ ಅವನ್ನು ಹೊಡೆದರೆ ಬಟ್ಟೆ ಬಡಿದ ಸದ್ದು ಬಿಟ್ಟರೆ ಸ್ವರ ಇಲ್ಲ. ನಿಷಾದದ ತಂತಿಗಳನ್ನು ಅರ್ಧ ಸ್ವರ ಏರಿಸಿ ಷಡ್ಜಕ್ಕೇ ಕೂಡಿಸಿದೆವು. ತೋಡಿಯ ಅಭ್ಯಾಸದಿಂದ ಕೈ ತಪ್ಪಿ ನಿಷಾದಕ್ಕೆ ಬಿದ್ದರೂ ಬರುವುದು ಷಡ್ಜ. ಈ ಉಪಾಯ ಹೊಳೆದದ್ದು ನನಗೆ. ವಾರದಲ್ಲಿ ನಾನು ಮಾಡಿದ ಮೊದಲ ಬುದ್ಧಿಯ ಕೆಲಸ ಅದು.

ಶನಿವಾರವೂ ಇಲ್ಲೇ ಇರಲಿ, ಬಿರಡೆಗಳು ನಿಲ್ಲುತ್ತವೋ ನೋಡಿ ರವಿವಾರ ನಾನೇ ಇಂಡಿಗೆ ತರುತ್ತೇನೆ ಅಂದೆ. ಅವರು ಒಪ್ಪಲಿಲ್ಲ. “ನನ್ನ ಹತ್ರನ ಇರಲ್ರಿ” ಅಂದು ಕೌದಿ ಸುತ್ತಿಕೊಂಡು ಹೊರಟರು. ಅಭ್ಯಾಸಕ್ಕೆ ಬೇಕಿತ್ತು, ನಿಜ. ಆದರೆ ನನ್ನ ಕೈಯಲ್ಲಿ ಬಿಡಲು ಮನಸ್ಸಿಲ್ಲ ಅನ್ನುವುದೂ ಕಂಡಿತು. ತಪ್ಪೇನಿಲ್ಲ ಅವರದು.

ರವಿವಾರ ಬೆಳಗ್ಗೆ ಏಳಕ್ಕೆ ಬಿರಡೆಯ ಕೀಲಿ, ನಾಲ್ಕು ತಂತಿಯ ಸುರುಳಿ, ಒಂದಿಷ್ಟು ಬನಾತು ಚೀಲದಲ್ಲಿ ಹಾಕಿಕೊಂಡು ಇಂಡಿಗೆ ಹೋದೆ. ಕರೆದಿರಲಿಲ್ಲ, ಹೋದೆ. ಶಿಕ್ಷಕಿ ಬಾಡಿಗೆ ಗಾಡಿಯಲ್ಲಿ ಬಂದಿಳಿದರು. ನನ್ನನ್ನು ನೋಡಿ ವೇದಿಕೆಯ ಹಿಂದಿನ ಕೋಣೆ ತೋರಿಸಿದರು. ದಾರಿಯ ಬಿಸಿಗೆ ಎಲ್ಲ ತಂತಿಗಳೂ ಸ್ವಲ್ಪ ಸ್ವಲ್ಪ ಸರಿದಿದ್ದವು, ಆದರೆ ಬಿರಡೆ ಯಾವುದೂ ಜಾರಿರಲಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ಸೇರಿ ಕೂಡಿಸಿದೆವು.

ವೇದಿಕೆಗೆ ಹೋದ ಮೇಲೆ ಹೊಸ ಕಷ್ಟ. ತಲೆಯ ಮೇಲೆ ನಾಲ್ಕು ಫ್ಯಾನು ಗರಗರ ತಿರುಗುತ್ತಿದ್ದವು. ಆ ಗಾಳಿಗೆ ಉಕ್ಕಿನ ತಂತಿ ತಣ್ಣಗಾಗಿ ಸ್ವರ ಏರುತ್ತದೆ. ಬಂದ್ ಮಾಡಿ ಎಂದು ಕೇಳಿದೆ. ಸಭೆಯಲ್ಲಿ ಗುಸುಗುಸು ಸುರುವಾಯಿತು, ಈ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಕೂರಬೇಕೇನು ಎಂದು. ಮೊದಲ ಸಾಲಿನಲ್ಲಿ ಗವಾಯಿಗಳು ಕೂತಿದ್ದರು, ಎಪ್ಪತ್ತು ದಾಟಿದ ದಪ್ಪ ಮೈಯವರು, ಅಂಗಿ ಆಗಲೇ ತೊಯ್ದಿತ್ತು. ಹಿಂದಕ್ಕೆ ತಿರುಗಿ, “ಬಂದ್ ಮಾಡ್ರಿ. ಆಕೀಗೆ ನಾ ಕೊಟ್ಟ ವ್ಯಾಳ್ಯಾ ಇದು” ಅಂದರು. ಫ್ಯಾನು ನಿಂತವು. ಒಪ್ಪದ ವಾದ್ಯಕ್ಕೂ ನ್ಯಾಯ ಸಿಗಬೇಕು ಅನ್ನುವ ಮನುಷ್ಯ ಅವರು ಎಂದು ಅಲ್ಲಿ ಗೊತ್ತಾಯಿತು.

ನಿರೂಪಕರು ತೋಡಿ ಅಂದಿದ್ದರು. ಶಿಕ್ಷಕಿ ಮೈಕಿನಲ್ಲಿ ಭೂಪಾಲ ತೋಡಿ ಎಂದು ತಿದ್ದಿದರು. ಗವಾಯಿಗಳ ಹುಬ್ಬು ಮೇಲೇರಿತು.

ಆಲಾಪದ ಮೊದಲ ಐದು ನಿಮಿಷ ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ಕಣ್ಣು ಹಿತ್ತಾಳೆ ಪಟ್ಟಿಯ ಮೇಲೆ ನೆಟ್ಟಿತ್ತು. ಅದು ಅಲುಗುವುದಿಲ್ಲ ಎಂದು ಮನಸ್ಸು ಒಪ್ಪಿದ ಮೇಲೆ ಕಿವಿ ತೆರೆಯಿತು. ಅವರು ಗಾಂಧಾರದಿಂದ ರಿಷಭಕ್ಕೆ ಬರುತ್ತಿದ್ದರು. ಗಾಂಧಾರವನ್ನು ಒಮ್ಮೆ ಹೊಡೆದು, ಅದು ಆರುವ ಮೊದಲೇ ಕಲಮನ್ನು ತಂತಿಯ ಮೇಲೆ ಹಗುರವಾಗಿ ನಡುಗಿಸುತ್ತಾ ಎಳೆದು, ಆ ಸಣ್ಣ ದನಿ ತೀರಾ ಸಣ್ಣದಾಗುವ ಹೊತ್ತಿಗೆ ಪಕ್ಕದ ರಿಷಭವನ್ನು ಮುಟ್ಟಿ ಎಬ್ಬಿಸುತ್ತಿದ್ದರು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಸುರುವಾಯಿತು, ಹೇಳಲಾಗುತ್ತಿರಲಿಲ್ಲ. ಮೂರು ತಂತಿ ಒಂದೇ ತಂತಿಯ ಹಾಗೆ ಕೂಡಿದ್ದರಿಂದಲೇ ಅದು ಸಾಧ್ಯವಾಯಿತು ಎಂದು ನನಗೆ ಗೊತ್ತಿತ್ತು. ಸಭೆಗೆ ಗೊತ್ತಾಗುವ ಅಗತ್ಯ ಇರಲಿಲ್ಲ.

ತಬಲಾ ಸೇರಿ ಲಯ ಏರಿತು. ವೇಗದ ತಾನಿನಲ್ಲಿ ನಾಲ್ಕು ತಿಂಗಳ ತೋಡಿ ಕೈಯಲ್ಲಿ ಎದ್ದು ಬಂತು. ಗಾಂಧಾರದಿಂದ ಹಾರಿದ ಕಲಮ್ ನೆಟ್ಟಗೆ ಮಧ್ಯಮದ ಮೇಲೆ ಬಿತ್ತು. ಮಧ್ಯಮ ಬದುಕಿದ್ದರೆ ರಾಗ ಅಲ್ಲಿಗೇ ಕೆಟ್ಟಿತ್ತು. ಬನಾತು ಟಪ್ ಅಂದಿತು, ಅಷ್ಟೆ. ಶಿಕ್ಷಕಿ ಬೆಚ್ಚಿದರು, ನನ್ನ ಕಡೆ ಒಂದು ಸಲ ನೋಡಿದರು, ಮುಂದಿನ ಆವರ್ತನದಲ್ಲಿ ಅದೇ ಟಪ್ಪನ್ನು ಬೇಕೆಂದೇ ಎರಡು ಸಲ ಹಾಕಿ ತಬಲಾದವರನ್ನು ಕೆಣಕಿದರು. ತಬಲಾದವರು ನಕ್ಕು ಅದಕ್ಕೆ ಜವಾಬು ಕೊಟ್ಟರು. ಸಭೆ ವಾಹ್ ಅಂದಿತು. ನಾನು ಬೆವರು ಒರೆಸಿಕೊಂಡೆ.

ಮುಗಿದ ಮೇಲೆ ಗವಾಯಿಗಳು ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಕೋಣೆಗೆ ಬಂದು ಕುರ್ಚಿಯ ಮೇಲೆ ಕೂತು ಫ್ಯಾನು ಹಚ್ಚಿಸಿಕೊಂಡರು. ಶಿಕ್ಷಕಿ ಕಾಲಿಗೆ ನಮಸ್ಕಾರ ಮಾಡಿ ಎದುರಿಗೆ ನಿಂತರು.

“ಮೀಂಡ್ ಇಲ್ಲ,” ಅಂದರು ಗವಾಯಿಗಳು. ಜಾರುವ ಸ್ವರಕ್ಕೆ ಅವರು ಹಾಗನ್ನುತ್ತಾರೆ. “ಮೀಂಡ್ ಇರಬೇಕಾದ ಜಾಗಾದಾಗ ನೀ ಏನ್ ಮಾಡಿದಿ, ಅದೂ ನನಗ ತಿಳೀಲಿಲ್ಲ. ಆದರ ರಾಗ ಬಂತು. ಕಣ್ಣ ಮುಚ್ಚಿ ಕೇಳಿದ್ನಿ, ಖರೇನ ಬಂತು.” ಆಮೇಲೆ ವಾದ್ಯದ ಮೇಲಿನ ಕೆಂಪು ಬನಾತಿಗೆ ಬೆರಳು ಇಟ್ಟರು. “ಮಧ್ಯಮಕ್ಕ ಏನಾತು?”

ನಾನೇ ಮುಂದೆ ಬಂದು ಸುತ್ತಿಗೆಯ ಕಥೆ ಪೂರ್ತಿ ಹೇಳಿದೆ, ಫೋನಿನ ಸುಳ್ಳನ್ನೂ ಬಿಡಲಿಲ್ಲ. ಗವಾಯಿಗಳು ಕೇಳುತ್ತಾ ಕೇಳುತ್ತಾ ಕಣ್ಣು ಸಣ್ಣದು ಮಾಡಿದರು. ಆ ಗಾಂಧಾರ ಕೂಡಿಸಿದವನೂ ನೀನೇನು ಎಂದು ಕೇಳಿದರು. ಹೌದ್ರಿ, ಅಕ್ಕೋರು ಹೇಳಿದ ಹಾಗೆ ಇಳಿಸಿದೆ ಅಂದೆ. ಮಧ್ಯಮವನ್ನೂ ಹಾಗೇ ಕೂಡಿಸಿಕೊಡು, ಪಾಠ ತೋಡಿಯಿಂದಲೇ ಸುರು ಮಾಡುತ್ತೇನೆ ಎಂದು ಹೇಳಿ ಎದ್ದರು. ಶಿಕ್ಷಕಿ ಗೋಡೆಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅತ್ತರೋ ನಕ್ಕರೋ, ನಾನು ಆ ಕಡೆ ನೋಡಲಿಲ್ಲ.

ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ನಾನು ನನ್ನ ಚೀಲ ಹೆಗಲಿಗೆ ಹಾಕಿಕೊಂಡು, ಬರುತ್ತೇನೆ ಎಂದು ಹೇಳಲು ಬಾಗಿಲ ಹತ್ತಿರ ಕಾಯುತ್ತಾ ನಿಂತೆ. ಶಿಕ್ಷಕಿ ವಾದ್ಯಕ್ಕೆ ಕೌದಿ ಸುತ್ತಿ, ಗಂಟು ಬಿಗಿದು, ಎತ್ತಿಕೊಂಡು ಬಂದು ನನ್ನ ಎರಡೂ ಕೈಗಳ ಮೇಲೆ ಇಟ್ಟರು.

“ಆ ಪಟ್ಟಿ ಪೂರಾ ತಗದು ಹೊಸಾ ಮರ ಹಾಕ್ರಿ ಚಾಚಾ. ಅವಸರ ಇಲ್ಲ.”

“ನನ್ನ ಕೈಯಾಗ ಕೊಡ್ತೀರೇನ್ರಿ? ಮತ್ತ ಸೀಳಿದ್ರ?”

“ಸೀಳಿದ್ರ ಫೋನ್ ಮಾಡ್ರಿ,” ಅಂದರು. “ಹೆಂಗ ಸೀಳ್ತು ಅಂತ ಹೇಳ್ರಿ. ಅಷ್ಟ ಸಾಕು.”

ಹಾಗೆ ಹೇಳಿ ಅವರು ಊಟದ ಕಡೆ ಹೊರಟುಹೋದರು. ನಾನು ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. ಯಾರೋ ಊಟಕ್ಕೆ ಬರ್ರಿ ಎಂದು ಕೂಗಿದರು. ಬರುತ್ತೇನೆ ಎಂದು ಕೈ ಎತ್ತಿ ತೋರಿಸಿದೆ.